ಮುಲುಂಡದಾಗ ಕೊಹಾರು ಹಾಡಿದ ಕಡೇ ದಿನ

ಮುಲುಂಡ್ (ಪೂರ್ವ), ಮುಂಬಯಿ
ಸೋಮವಾರ, ತಾ. ೧೭ ನವೆಂಬರ್ ೨೦೨೫

ಚಿರಂಜೀವಿ ಶರಣಾ,

ನಿನಗ ಆಯುಷ್ಯ ಆರೋಗ್ಯ ಎರಡೂ ಇರಲಿ, ಬುದ್ಧಿ ಆಮ್ಯಾಲೆ ಬಂದ್ರೂ ನಡದೀತು. ಆರಾಮ ಅದೀ ಏನು? ಹ್ವಾದ ಸಲ ಫೋನಿನ್ಯಾಗ ನಿನ್ನ ದನಿ ಕಟ್ಟಿತ್ತು. ಏಸಿಯೊಳಗ ಕುಂತು ಕುಂತು ಮೂಗು ಕಟ್ಟೇತೋ, ಸುಳ್ಳು ಹೇಳಿ ಹೇಳಿ ಗಂಟಲಾ ಕಟ್ಟೇತೋ ತಿಳೀಲಿಲ್ಲ. ಹಾಲಿಗೆ ಅರಿಷಿಣ ಹಾಕಿ ಕುಡಿ, ದುಬೈದಾಗ ಅರಿಷಿಣ ಸಿಗಂಗಿಲ್ಲ ಅನ್ನಬ್ಯಾಡ, ಅಲ್ಲಿ ಎಲ್ಲಾ ಸಿಗತೈತಿ ಅಂತ ನೀನ ಹೇಳಿದ್ದಿ. ನನ್ನ ಮೊಣಕಾಲು ಹಂಗ ಅದಾವು, ಲಿಫ್ಟ್ ಕೆಟ್ಟ ದಿನ ನಾ ಕೆಳಗ ಇಳಿಯಂಗಿಲ್ಲ, ಅಂದ್ರ ಇಳಿಯೂದ ಇಲ್ಲ. ನನ್ನ ಮಗ, ನಿಮ್ಮಪ್ಪ ಗದಿಗೆಪ್ಪಗ ಸಕ್ಕರಿ ಏರೇತಿ. ಫೋರ್ಟಿನ ಆಫೀಸಿಗೆ ಲೋಕಲ್‌ನ್ಯಾಗ ನಿಂತ ಹೋಗತಾನ, ನಿಂತ ಬರತಾನ, ಮನಿಗೆ ಬಂದು ಪೇಪರಿನ ಹಿಂದ ಮಾರಿ ಮುಚ್ಚಿಕೊಂತಾನ. ನಿನ್ನ ಹೆಸರು ತಗದ್ರ ಆ ಪೇಪರ್ ಇನ್ನೊಂದೀಟು ಮ್ಯಾಲೆ ಏರತೈತಿ. ನಿಮ್ಮವ್ವ ಇದ್ದಿದ್ರ ಪೇಪರ್ ಹರದು ಕೇಳತಿದ್ಲು. ಆಕಿ ಇಲ್ಲ, ಹಿಂಗಾಗಿ ಕೇಳೂ ಕೆಲಸ ನನ್ನ ಪಾಲಿಗೆ ಬಂದೈತಿ.

ಮೂರನೇತ್ತಾ ಕಲತಾಕಿ ನಾನು, ಒತ್ತಕ್ಷರ ತಪ್ಪಿದ್ರ ನಗಬ್ಯಾಡ. ಫೋನ್ ಹಚ್ಚಿದ್ರ ನೀ ‘ಆಯಿ, ಮೀಟಿಂಗ್‌ನ್ಯಾಗ ಅದೀನಿ’ ಅಂತಿ. ಕಾಗದಕ್ಕ ಹಂಗ ಹೇಳಿ ಬಾಯಿ ಮುಚ್ಚಸಾಕ ಬರಂಗಿಲ್ಲ. ಕೆಳಗಿನ ಮನಿ ಶಬ್ಬೀರನ ಮಾವ ಗನಿಸಾಬ ನಾಳೆ ದುಬೈಕ ಹೊಂಟಾನ, ತಿಂಗಳ ಕಡೀಕ ತಿರುಗಿ ಬರತಾನ. ಅಂವನ ಕೈಯಾಗ ಕೊಡತೀನಿ. ನೀ ಓದೂತನಕ ಎದರಿಗೆ ಕುಂದ್ರು, ಉತ್ತರ ಇಸಗೊಂಡ ಬಾ ಅಂತ ಹೇಳೀನಿ. ಚಾ ಕುಡಸು ಅಂವಗ, ಸಕ್ಕರಿ ಜಾಸ್ತಿ ಬೇಕು.

ಈಗ ಸುದ್ದಿ. ನಿನ್ನಿ ರವಿವಾರ ಕೊಹಾರುನ ಕಡೇ ಹಾಡಿನ ಕಾರ್ಯಕ್ರಮ ಆತು. ನೀ ಬರಲಿಲ್ಲ. ಇದೊಂದು ನಿನಗ ಗೊತ್ತಿದ್ದದ್ದ, ಉಳಿದದ್ದು ನಾ ಹೇಳತೀನಿ. ಕೊಹಾರು ಯಾರು ಅನ್ನೂದ ನಿನಗ ಮರತಿರಬೇಕು, ಅದಕ್ಕ ಮೊದಲಿಂದ ಬರೀತೀನಿ.

ಜಪಾನದಾಗ ಸಮುದ್ರದ ದಂಡೀಗೆ ಒಂದ ಸಣ್ಣ ಊರಾಗ ಹುಟ್ಟಿದಾಕಿ. ಇನ್ನ ಸಾಲಿಗೆ ಹೋಗೂ ವಯಸ್ಸಿನ್ಯಾಗ ಕಂಪನಿಯವರು ಆರಿಸಿ ಹುಡುಗ್ಯಾರ ಹಾಡಿನ ಗುಂಪಿಗೆ ಹಾಕ್ಕೊಂಡರು. ಅಂಥಾ ಹುಡುಗ್ಯಾರಿಗೆ ಅಲ್ಲಿ ಐಡಲ್ ಅಂತಾರ, ಅಂದ್ರ ಮೂರ್ತಿ ಅಂತ ನೀನ ನನಗ ತಿಳಿಸಿ ಹೇಳಿದ್ದಿ. ನಮ್ಮೂರ ಗುಡಿಯಾಗಿನ ಮೂರ್ತಿಗಾದ್ರೂ ಒಬ್ಬ ಪೂಜಾರಿ ಕಾಯಂ ಇರತಾನ. ಇವರ ಗುಂಪಿನ್ಯಾಗ ಒಬ್ಬೊಬ್ಬಾಕಿಗೆ ಒಂದೊಂದು ಬಣ್ಣ, ಇಕೀಗೆ ನೇರಳೆ. ನೋಡಾಕ ಬಂದಾವರು ತಮ್ಮ ಹುಡುಗಿ ಬಣ್ಣದ ಬ್ಯಾಟ್ರಿ ಕೋಲು ಹಿಡದು ಆಡಸಬೇಕು. ಸಿ.ಡಿ. ಕೊಂಡಾವರು ಪಾಳಿ ಹಚ್ಚಿ ಬಂದು, ಆಕಿ ಕೈ ಹಿಡದು ಎರಡ ಮಾತಾಡಿ, ಹಿಂದಿನಾಂವ ದೂಡೂದ್ರಾಗ ಸರೀಬೇಕು. ಎಲ್ಲಾಕ್ಕಿಂತ ದೊಡ್ಡ ಕಟ್ಟಳಿ ಅಂದ್ರ ಹುಡುಗಿ ಯಾರನ್ನೂ ಪ್ರೀತಿ ಮಾಡಬಾರದು. ಪಾಳಿಯಾಗ ನಿಂತ ಪ್ರತಿಯೊಬ್ಬಗೂ ಇಕಿ ನನ್ನಾಕಿ ಅನಸಬೇಕಂತ. ಅದನ್ನ ಕೇಳಿದಾಗ ನಾ, ಇಷ್ಟ ಮಂದಿ ಕೂಡಿ ಒಂದ ಹುಡುಗೀನ್ನ ಒಂಟಿ ಇಡೂದಕ್ಕ ಟಿಕೀಟ ಬ್ಯಾರೆ ತಗೋತಾರೇನೋ ಅಂದಿದ್ದೆ. ನೀ ನಕ್ಕಿದ್ದಿ.

ಆ ಕಂಪನಿ ಮುಂಬಯಿದಾಗೂ ಗುಂಪು ಕಟ್ಟಿ, ಇಲ್ಲಿ ಹುಡುಗ್ಯಾರಿಗೆ ಕುಣತ ಕಲಸಾಕ ಇಕೀನ್ನ ಕಳಸಿತು. ನೀ ಅಲ್ಲಿ ಮೈಕಿನ ತಂತಿ ಸುತ್ತಕೊಂಡು ಇದ್ದಿ. ವರ್ಷ ಎರಡು ವರ್ಷದಾಗ ಗುಂಪು ಮುರೀತು, ಉಳಿದವರು ತಮ್ತಮ್ಮ ಮನಿ ಸೇರಿದ್ರು, ಇಕಿ ಮಾತ್ರ ಒಬ್ಬಾಕಿನ ಹಾಡತೀನಿ ಅಂತ ಇಲ್ಲೇ ನಿಂತಳು. ಆ ಹಿಂದಿ ಹಾಡು ನಡೀತು ನೋಡು, ರಿಕ್ಷಾದಾಗ ಅದ, ಗಣಪತಿ ಪೆಂಡಾಲಿನ್ಯಾಗ ಅದ, ಬೊರಿವಲಿಯೊಳಗ ನನ್ನ ನಾದಿನಿ ಮೊಮ್ಮಗಳ ಲಗ್ನದಾಗೂ ಅದ. ಆಕಿ ಉಚ್ಚಾರಕ್ಕ ನಕ್ಕೊಂತ ಕೇಳಿದ್ರು, ಆದ್ರ ಕೇಳಿದ್ರು. ಒಂದಿನ ನೀ ಬಂದು, ಆಯಿ, ಇಕೀಗೆ ಮ್ಯಾನೇಜರ್ ನಾನ ಅಂದಿ. ಮತ್ತೊಂದಿನ ಬಂದು, ಆಯಿ, ಇಕೀಗೆ ಗಂಡನೂ ನಾನ ಅಂದಿ. ನಾ ಬ್ಯಾಡ ಅನ್ನಲಿಲ್ಲ. ಮಂದಿ, ನಿಮ್ಮ ಹುಡುಗಗ ಬೆಳಗಾವಿ ಜಿಲ್ಲಾದಾಗ ಒಂದ ಕನ್ಯಾ ಸಿಗಲಿಲ್ಲೇನ್ರಿ ರಾಚವ್ವಾ ಅಂದ್ರು. ಸಿಕ್ಕಾವು, ಅವಕ್ಕ ರೊಟ್ಟಿ ಬಡಿಯಾಕ ಬರಂಗಿಲ್ಲ, ಇಕೀಗೂ ಬರಂಗಿಲ್ಲ, ಇಕಿ ಹಾಡರೆ ಹಾಡತಾಳ ಅಂದೆ.

ಲಗ್ನ ಆದ ಮರುದಿನದ್ದು ನಾ ಸಾಯೂತನಕ ಮರಿಯಂಗಿಲ್ಲ. ಕೈಯಾಗಿನ ಅರಿಷಿಣ ಇನ್ನ ಹೋಗಿರಲಿಲ್ಲ, ಹುಡುಗಿ ಕರೇ ಅರಿವಿ ಹಾಕ್ಕೊಂಡು ನಮ್ಮ ಹಾಲ್‌ನ್ಯಾಗ ಕ್ಯಾಮೆರಾದ ಮುಂದ ನಿಂತು, ನಡಾ ಮುರಿಯೂವಂಗ ಬಗ್ಗಿ, ನಾ ಲಗ್ನ ಆದೆ, ನಿಮಗ ಮೋಸ ಆತು, ಕ್ಷಮಾ ಮಾಡ್ರಿ ಅಂತ ಜಪಾನದ ಮಂದೀಗೆ ಕೇಳಿಕೊಂಡ್ಲು. ನಾ ಅಡಗೀಮನಿಯಿಂದ ಸೌಟ ಹಿಡಕೊಂಡ ಬಂದೆ. ಲಗ್ನ ಆಗಿದ್ದಕ್ಕ ಮಾಫಿ ಕೇಳೂದು ಯಾವ ಊರ ಪದ್ಧತಿಯೋ ಅಂದೆ. ನೀ ಆ ಕಡೆ ಲೈಟ್ ಹಿಡದು ನಿಂತಿದ್ದಿ. ‘ಆಯಿ, ನೆರಳು ಬೀಳತೈತಿ, ಬಾಜೂಕ ಸರಿ’ ಅಂದಿ. ಹೆಂಡತಿ ಬಗ್ಗಿದ್ದು ಕಾಣಲಿಲ್ಲ ನಿನಗ, ನನ್ನ ನೆರಳು ಕಂಡ್ತು.

ಅಷ್ಟ ಬಗ್ಗಿದ್ರೂ ಮಂದಿ ಕೇಳಲಿಲ್ಲ. ಸಿ.ಡಿ. ಮುರದು ಫೋಟೋ ಹಾಕಿದ್ರು. ಎರಡನೇ ಹಾಡು ಬಂತು, ಯಾರಿಗೂ ಗೊತ್ತಾಗಲಿಲ್ಲ. ಮೂರನೇದ್ದು ನೀ ಮಾಡಿಸಲೇ ಇಲ್ಲ. ಮಾಲ್ ಉದ್ಘಾಟನಾ, ಗುಜರಾತಿಗಳ ಲಗ್ನ, ಮಂದಿ ಪನೀರ ತಿನ್ನಕೊಂತ ಬ್ಯಾರೆಯವರ ಹಾಡು ಹಾಡು ಅನ್ನೂದು. ಆಮ್ಯಾಲೆ ಫೋರ್ಟಿನ ಒಂದ ಹೋಟೆಲಿನ್ಯಾಗ ಶನಿವಾರ ಶನಿವಾರ ಟೇಬಲ್‌ಗಳ ನಡು ನಿಂತು ಹಾಡೂದು, ವೇಟರ್ ಬಂದ್ರ ದಾರಿ ಬಿಡೂದು. ನಮ್ಮ ಕಡೆ ದುಃಖ ಆದ್ರ ಎದಿ ಬಡಕೊಂಡು ಅಳತೀವಿ, ಇಡೀ ಓಣಿಗೆ ಕೇಳಬೇಕು. ಇಕೀಗೆ ಕಂಪನಿಯವರು ಜ್ವರಾ ಬಂದ್ರೂ ಹಲ್ಲು ಕಾಣಬೇಕು ಅಂತ ಕಲಿಸ್ಯಾರ. ಹಿಂಗಾಗಿ ಆಕಿ ನಗೂದು ನೋಡಿ ನಿಮ್ಮಪ್ಪ, ಹುಡುಗಿ ಖುಷಿಯಾಗಿ ಅದಾಳ ಅಂದ. ನಾನೂ ಹೌದಂದೆ. ಕಾಯಿಪಲ್ಯ ಸೋಸೂವಾಗ ನಗತಿದ್ಲು, ಅರಿವಿ ಒಣಾಹಾಕೂವಾಗ ನಗತಿದ್ಲು. ಬಾತ್‌ರೂಮಿನ್ಯಾಗ ನಳಾ ಬಿಟ್ಟಕೊಂಡು ಅಷ್ಟೊತ್ತು ಯಾಕ ಇರತಾಳಂತ ನಾ ನೀರಿನ ಸಲುವಾಗಿ ಅಷ್ಟ ಬೈದೆ.

ನೀ ಆರು ತಿಂಗಳಂತ ದುಬೈಕ ಹ್ವಾದಿ, ಗಳಿಸಿಕೊಂಡು ಬಂದು ಇಕೀ ಹಾಡು ಮಾಡಸತೀನಿ ಅಂತ. ಎರಡನೇ ದೀಪಾವಳಿ ಮುಗೀತು. ಮೊನ್ನೆ ಮ್ಯಾಲಿನ ಮನಿ ಯಕ್ಷಿತಾ ತನ್ನ ಫೋನಿನ್ಯಾಗ ನಿನ್ನ ತೋರಿಸಿದ್ಲು. ಕೋಟು ಹಾಕ್ಕೊಂಡಿದ್ದಿ, ದಪ್ಪ ಆಗೀದಿ. ಅಲ್ಲಿ ಹೊಸಾ ಹುಡುಗ್ಯಾರ ಗುಂಪು ಕಟ್ಟಿ ನೀನ ಮ್ಯಾನೇಜರ್ ಆಗಿ ಕುಂತೀಯಂತ. ನಮ್ಮ ಹುಡುಗ್ಯಾರು ಯಾರನ್ನೂ ಪ್ರೀತಿ ಮಾಡಂಗಿಲ್ಲ, ಅದು ನಮ್ಮ ಕಟ್ಟಳಿ ಅಂತ ನೀ ನಕ್ಕೊಂತ ಹೇಳೂದು ನಾ ಎರಡ ಸಲ ಹಚ್ಚಿಸಿ ಕೇಳಿದೆ. ಬೆರಳಾಗ ಉಂಗುರ ಇರಲಿಲ್ಲ. ಶಬ್ಬೀರ ನಿನ್ನ ಕೂಡ ಮೈಕ್ ಹಚ್ಚಿದಾಂವ, ಈ ಧಂದೇದ ಒಳಗು ಗೊತ್ತಿದ್ದಾಂವ. ಅಂವನ್ನ ಕೇಳಿದೆ. ತಲಿ ಕೆಳಗ ಹಾಕಿ, ಅಮ್ಮಾ, ತನ್ನ ಐಡಲ್‌ನ್ನ ತಾನ ಲಗ್ನ ಆದಾಂವ ಅಂತ ಗೊತ್ತಾದ್ರ ಅಂವನ ಕೈಯಾಗ ಹುಡುಗ್ಯಾರನ್ನ ಯಾರು ಕೊಡತಾರ, ಅದಕ್ಕ ಅಲ್ಲಿ ಒಂಟಿ ಅಂತ ಹೇಳ್ಯಾನ ಅಂದ. ಬೇಲಿನ ಎದ್ದು ಹೊಲಾ ಮೇಯ್ದದ್ದನ್ನ ಮುಚ್ಚಿಟ್ಟು, ಈಗ ಮತ್ತೊಬ್ಬರ ಹೊಲಕ್ಕ ಬೇಲಿ ಆಗಿ ನಿಂತೀ.

ಇದು ಕೊಹಾರುಗ ಮೊದಲ ಗೊತ್ತಿತ್ತು. ಆದ್ರೂ ಆಕಿ ನಿನಗ ಕೇಳಿದ್ದು ಒಂದ. ಅವರಲ್ಲಿ ಹುಡುಗಿ ಹಾಡೂದು ಬಿಡೂವಾಗ ಒಂದ ಕಡೇ ಕಾರ್ಯಕ್ರಮ ಮಾಡಿ, ಛಲೋ ಅರಿವಿ ಹಾಕ್ಕೊಂಡು, ಒಬ್ಬೊಬ್ಬರ ಹೆಸರು ಹಿಡದು ಉಪಕಾರ ಹೇಳಿ ಹೋಗತಾಳಂತ. ಎಲ್ಲಾರ ಮುಂದ ಅಳಾಕ ಪರವಾನಗಿ ಇದ್ದ ದಿನ ಅದೊಂದ. ಆ ದಿನ ನೀ ಬಂದು ಮೈಕ್ ಹಚ್ಚಬೇಕು ಅಂದ್ಲು. ಹೂಂ ಅಂದಾಂವ ನೀನು, ತಾರೀಖು ಕೊಟ್ಟಾಂವ ನೀನು.

ಸ್ಟೇಷನ್ ಬಾಜೂಕಿನ ಸಣ್ಣ ಹಾಲ್ ಹಿಡದಿದ್ವಿ. ಶಬ್ಬೀರ ತಂತಿ ಎಲ್ಲಾ ಜೋಡಿಸಿಟ್ಟು, ನಿನ್ನ ಕುರ್ಚ್ಯಾಗ ಕುಂದ್ರದ ಬಾಜೂಕ ನಿಂತಿದ್ದ. ‘ಭಾಯಿ ಆತೂಂ ಬೋಲ್ಯಾ ಹೈ ಅಮ್ಮಾ, ಆನೆ ದೇವ್’ ಅಂದ, ಅಣ್ಣ ಬರತೀನಿ ಅಂದಾನ, ಬರಲಿ ಅಂತ. ಮಂದಿ ಆಕಳಸಾಕ ಹತ್ತಿದ ಮ್ಯಾಲೆ ಅಂವನ ಕುಂತ. ಬಂದಾವರು ಯಾರು? ನಮ್ಮ ಬಿಲ್ಡಿಂಗಿನ ಹೆಣಮಕ್ಕಳು, ನಿಮ್ಮಪ್ಪ, ಅಂವನ ಆಫೀಸಿನ ರಮಾನಾಥ. ಅಂವಂತೂ ಮೊದಲನೇ ಹಾಡಿಗೆ ನಿದ್ದಿ ಹ್ವಾದ. ಖಾಲಿ ಕುರ್ಚಿ ಭಾಳ ಇದ್ವು. ಕಡೇ ಸಾಲಿನ್ಯಾಗ ಒಬ್ಬ ಜಪಾನದ ಮುದುಕ ನಿಂತಿದ್ದ, ಕುಂದ್ರಪಾ ಅಂದ್ರೂ ಕುಂದ್ರಲಿಲ್ಲ. ನೇರಳೆ ಬಣ್ಣದ ಬ್ಯಾಟ್ರಿ ಕೋಲು ತಂದು ಒಬ್ಬಾಂವನ ಆಡಸಿದ, ಕೈ ಸೋತ್ರ ಇನ್ನೊಂದ ಕೈಗೆ ತಗೊಂಡ. ಇದ್ಯಾವ ಮುದುಕಪ್ಪಾ ಅಂತ ನನಗ ಮೊದಲ ಸಂಶೆ ಬಂತು. ಆಕಿ ಗುಂಪು ಸೇರಿದ ವರ್ಷದಿಂದ ಪಾಳಿಯಾಗ ನಿಂದರತಿದ್ದನಂತ. ಕೈ ಹಿಡದಾಗ ಬ್ಯಾರೆ ಏನೂ ಅನ್ನದ, ಹೊಟ್ಟಿ ತುಂಬ ಉಣ್ಣವಾ ಅಂತ ಅಷ್ಟ ಹೇಳಿ ಸರೀತಿದ್ದನಂತ. ಲಗ್ನದ ಮ್ಯಾಲೆ ಸಿಟ್ಟಾಗಿ ಬಿಟ್ಟಿದ್ದ, ಕಡೇದ್ದು ಅಂತ ಗೊತ್ತಾಗಿ ಇಮಾನ ಹತ್ತಿ ಬಂದ. ಕಟ್ಟಿಕೊಂಡಾವ ಬರಲಿಲ್ಲ, ಟಿಕೀಟ ತಗೊಂಡಾವ ಬಂದ.

ಹುಡುಗಿ ಛಲೋ ಹಾಡಿದ್ಲು, ನಾ ಸುಳ್ಳ ಹೊಗಳಾಕಿ ಅಲ್ಲ, ನಿನಗ ಗೊತ್ತೈತಿ. ಕಡೀಕ ಹೆಸರು ಹಿಡದು ಕೈ ಮುಗದ್ಲು. ಶಬ್ಬೀರ ಅಂದ್ಲು, ಅಪ್ಪಾ ಅಂದ್ಲು, ಆಯಿ ಅಂದ್ಲು, ಮುದುಕನ ಹೆಸರು ತಗದ್ಲು, ಅಂವ ಅಲ್ಲೇ ಕುಸದು ಕುಂತ. ಆಮ್ಯಾಲೆ ನಿನ್ನ ಹೆಸರು. ಶರಣ ಅಂದು ಬಾಗಲಾ ನೋಡಿದ್ಲು. ಮೈಕ್ ಸುಮ್ಮನ ಗುಂಯ್ ಅಂತಿತ್ತು. ನಾ ಮನಸಿನ್ಯಾಗ ಅಳು ನನ್ನವ್ವಾ, ಇವತ್ತ ಅಳಾಕ ಅಡ್ಡಿಯಿಲ್ಲ ಅಂದೆ. ಅಳಾಕ ನೋಡಿದ್ಲು ಶರಣಾ, ತುಟಿ ತಿರಿವಿ ತಿರಿವಿ ನೋಡಿದ್ಲು, ಅಳು ಹೆಂಗ ಬರತೈತಿ ಅನ್ನೂದ ಆಕೀಗೆ ಮರತ ಹೋಗಿತ್ತು.

ಮನಿಗೆ ಬಂದ ಮ್ಯಾಲೆ ತಾಟಿನ ಮುಂದ ಕುಂತು ಹೇಳಿದ್ಲು, ಮಂಗಳವಾರದ ಟಿಕೀಟ ತಗಸಿ ಇಟ್ಟಾಳ, ತಿರುಗಿ ತಮ್ಮೂರಿಗೆ. ನೀ ಬಂದಿದ್ರ ರದ್ದು ಮಾಡತಿದ್ಲು. ಅಲ್ಲಿ ಹೋಗಿ ಏನ ಮಾಡತಿ ಅಂದೆ. ಗೊತ್ತಿಲ್ಲ ಆಯಿ, ಅಲ್ಲಿ ಯಾರೂ ನನ್ನ ಮಾತಾಡಸಂಗಿಲ್ಲ ಅಂದ್ಲು. ಮತ್ತ ಯಾಕ ಹೋಗತಿ ಅಂದೆ. ಇಲ್ಲಿ ಕಾಯಬೇಕಾಗತೈತಿ, ಅಲ್ಲಿ ಕಾಯೂದು ಇರಂಗಿಲ್ಲ ಅಂದ್ಲು. ನನ್ನಿಂದ ಕಲತ ಕನ್ನಡದಾಗ ನನಗ ಬಾಯಿ ಮುಚ್ಚಿಸಿದ್ಲು. ನಾ ಕೈ ಹಿಡಕೊಂಡು, ಗನಿಸಾಬ ಉತ್ತರ ತರೂತನಕ ಟಿಕೀಟ ಮುಂದ ಹಾಕು ಅಂತ ಬೇಡಕೊಂಡೆ. ಹೂಂ ಅಂದಾಳ.

ಅದಕ್ಕ ಬರೀತೀನಿ. ಬಂದು ಆಕಿ ಬಾಜೂಕ ನಿಂದ್ರು. ಬರಾಕ ಆಗದಿದ್ರ ಆ ಕೋಟು ಹಾಕ್ಕೊಂಡು ಅದ ಕ್ಯಾಮೆರಾದ ಮುಂದ ನನಗ ಹೆಂಡತಿ ಅದಾಳ, ಹೆಸರು ಕೊಹಾರು ಅಂತ ಒಂದ ಸಲ ಹೇಳು. ಕೆಲಸ ಹೋಗತೈತಿ, ಹೋಗಲಿ. ಆಕೀದು ಹೋಗಲಿಲ್ಲೇನು? ನೀ ಹೇಳಾಂವಲ್ಲ ಅಂತ ಒಳಗ ಅನಸತೈತಿ. ಅನಸಿದ್ರೂ ಈ ಕೈ ಬರಿಯೂದು ಬಿಡವಲ್ದು.

ವ್ಯಾಳ್ಯಾಕ ಉಣ್ಣು. ನಿಮ್ಮಪ್ಪ ಏನೂ ಬರಿ ಅಂದಿಲ್ಲ, ಆದ್ರ ಪೇಪರ್ ಇಳಿಸಿ ನಾ ಬರಿಯೂದು ನೋಡಾಕ ಹತ್ಯಾನ, ಅದ ಅಂವನ ಆಶೀರ್ವಾದ ಅಂತ ತಿಳಿ. ದೇವರು ನಿನಗ ಒಳ್ಳೇದ ಮಾಡಲಿ, ನೀನೂ ಯಾರಿಗರೆ ಮಾಡು.

ನಿನ್ನ ಆಯಿ,
ರಾಚವ್ವ

ತಾ. ಕ.: ಇವತ್ತ ಮಂಗಳವಾರ. ಗನಿಸಾಬ ಬಾಗಲದಾಗ ನಿಂತಾನ, ಕೆಳಗ ರಿಕ್ಷಾ ಕಾಯಾಕ ಹತ್ತೇತಿ. ಮ್ಯಾಲೆ ಉತ್ತರ ಕೇಳೀನಲ್ಲ, ಅದನ್ನ ಹೊಡದ ಹಾಕು. ಏನೂ ತರಬ್ಯಾಡಪಾ ಅಂತ ಗನಿಸಾಬಗ ಹೇಳೀನಿ. ಮುಂಜಾನೆ ಆಕಿ ಫೋನಿಗೆ ನಿನ್ನ ಮೆಸೇಜ್ ಬಂತು. ‘ಇನ್ನೆರಡು ವರ್ಷ ಬರಾಕ ಆಗಂಗಿಲ್ಲ, ಲಗ್ನದ ಫೋಟೋ ಎಲ್ಲಾ ನಿನ್ನ ಪೇಜಿನಿಂದ ತಗದ ಹಾಕು’ ಅಂತ ಆಕೀಗೆ ಬರದೀಯಂತ. ಹುಡುಗಿ ಸೋಫಾದ ಮ್ಯಾಲೆ ಕುಂತು ಒಂದೊಂದ ತಗದ್ಲು. ಒಂದಕ್ಕ ತಡದು, ಆಯಿ, ಇದರಾಗ ನೀ ಭಾಳ ಚಂದ ಇದ್ದಿ, ಇದನ್ನೂ ತಗೀಲೇನು ಅಂತ ಕೇಳಿದ್ಲು. ತಗಿ ಅಂದೆ. ಟಿಕೀಟ ಆಕಿ ಇನ್ನ ಮುಂದ ಹಾಕಿರಲಿಲ್ಲ, ನಾನೂ ಹಾಕು ಅನ್ನಲಿಲ್ಲ. ಮಣಿ ಮ್ಯಾಲೆ ಕುಂದ್ರಿಸಿ ಅಕ್ಕಿ, ಕೊಬ್ಬರಿ ಬಟ್ಟಲಾ, ಕುಬಸದ ಖಣ ಹಾಕಿ ಉಡಿ ತುಂಬಿದೆ. ಊರಿಗೆ ಹೊಂಟ ಸೊಸಿ ಉಡಿಯಾಗಿನ ಒಂದ ಹಿಡಿ ಅಕ್ಕಿ ಮನಿಯೊಳಗ ಬಿಟ್ಟ ಹೋಗೂದು ನಮ್ಮ ಮನಿ ಪದ್ಧತಿ, ತಿರುಗಿ ಬರತೀನಿ ಅಂತ ಅದರ ಅರ್ಥ. ಆಕಿ ಮರತಿರಲಿಲ್ಲ, ಹಿಡಿ ತುಂಬ ತಗದು ತಾಟಿನ ಕಡೆ ಕೈ ಚಾಚಿದ್ಲು. ನಾ ಆ ಮುಷ್ಟಿ ಬಿಚ್ಚಗೊಡಲಿಲ್ಲ, ಹಂಗ ಹಿಡದು ತಿರುಗಿ ಆಕಿ ಉಡಿಗೆ ಹಾಕಿಸಿದೆ. ಒಂದ ಕಾಳೂ ಬಿಡಬ್ಯಾಡ ಮಗಳ, ಎಲ್ಲಾ ತಗೊಂಡ ಹೋಗು ಅಂದೆ.