ನಿನ್ನ ಅತ್ತೆಗೆ ಯಾವ ಹಡಗು ಒಳ್ಳೆಯದು

ಹನ್ನೆರಡನೇ ತಾರೀಕು, ಗುರುವಾರ
ಹಡಗು ಬಂದರಿನಲ್ಲಿ ನಿಂತಿದೆ, ಪ್ರಯಾಣಿಕರೆಲ್ಲ ಊರು ನೋಡಲು ಇಳಿದಿದ್ದಾರೆ

ನನ್ನ ಬಂಗಾರಿ,

ಹೇಗಿದ್ದೀಯೇ? ಅಳಿಯಂದಿರು ಕ್ಷೇಮವೇ? ನಾನು ಗಟ್ಟಿಯಾಗಿದ್ದೇನೆ. ಸೊಂಟ ಒಂದು ಆಗಾಗ ನನ್ನ ಮಾತು ಮೀರುತ್ತದೆ, ಉಳಿದದ್ದೆಲ್ಲ ಹೇಳಿದಂತೆ ಕೇಳುತ್ತದೆ. ನಮ್ಮನ್ನು ಕೆಲಸಕ್ಕೆ ಕಳಿಸುವ ಏಜೆಂಟರ ವಿಳಾಸಕ್ಕೆ ನೀನು ಹಾಕಿದ ಪತ್ರ ಕೈಸೇರಿ ಮೂರು ವಾರವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಪುರುಸೊತ್ತಿತ್ತು. ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ಅತ್ತೆ ಮಾವನ ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆ, ಎಲ್ಲರೂ ಕೂಡಿ ಹತ್ತು ದಿನ ಹಡಗಿನಲ್ಲಿ ತಿರುಗಾಡಿ ಬರುವುದು ಅಂತ ಇದೆ, ಅತ್ತೆಗೆ ಮಂಡಿ ನೋವು, ಮಾವನಿಗೆ ಸಕ್ಕರೆ ಕಾಯಿಲೆ, ಯಾವ ಕಂಪನಿ ಒಳ್ಳೆಯದು ಎಂದು ಕೇಳಿದ್ದೀಯ. ಸಂತೋಷ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನೀನು ಕೇಳಿದ ಮೊದಲ ಪ್ರಶ್ನೆ ಇದು. ಕೆಳಗೆ ಎರಡೇ ಸಾಲು ಸೇರಿಸಿದ್ದೀಯ: "ನೀನೀಗ ಯಾವ ಹಡಗಿನಲ್ಲಿದೀಯ ಅಂತಾನೂ ಬರಿ. ಅಕಸ್ಮಾತ್ ಎದುರಾದ್ರೂ ಅಲ್ಲಿ ನನ್ನ ಗುರುತು ಹಿಡಿಯೋಕೆ ಬರಬೇಡ, ನಿನಗೇ ಅರ್ಥ ಆಗತ್ತೆ."

ನಮ್ಮ ಹಡಗಿನ ಲಾಂಡ್ರಿಯಲ್ಲಿ ಒಬ್ಬಳಿದ್ದಾಳೆ, ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತೇವೆ. ನಾನೂ ಅವಳೂ ಒಂದೇ ರೂಮು, ಮೇಲೆ ಕೆಳಗೆ ಮಲಗುತ್ತೇವೆ. ಅವಳಿಗೆ ಓದಿ ಹೇಳಿದೆ. ಹಾಳೆ ಮಡಿಸಿ ನನ್ನ ಕೈಗಿಟ್ಟು ಅಂದಳು: "ನಿನ್ನ ಮಗಳು ಒಳ್ಳೇ ಹಡಗು ಕೇಳ್ತಿಲ್ಲ ಕಣೇ, ನೀನಿಲ್ಲದ ಹಡಗು ಕೇಳ್ತಿದಾಳೆ." ಬಾಯಿ ಮುಚ್ಚೇ ಎಂದು ಅವಳಿಗೆ ಗದರಿದೆ. ಅವಳು ಹೇಳಿದ್ದು ನಿಜ.

ಇರಲಿ. ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಕೆಲಸದ ವಿಷಯದಲ್ಲಿ ನಾನು ಯಾರಿಗೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದವಳಲ್ಲ.

ನಾನು ದುಡಿದದ್ದು ಮೂರು ಕಂಪನಿಗಳಲ್ಲಿ. ಹೆಸರೆಲ್ಲ ಜಾಹೀರಾತಿನವರಿಗೆ, ನಾವು ಕೆಲಸದವರು ಹಡಗಿನ ಹೊಗೆ ಚಿಮಣಿಯ ಬಣ್ಣದಿಂದಲೇ ಕರೆಯುವುದು. ನೀಲಿ ಚಿಮಣಿಯವರದು ಹಡಗಲ್ಲ, ತೇಲುವ ಸಂತೆ. ನೀರಿನ ಜಾರುಬಂಡೆ, ಮಕ್ಕಳ ಕಿರುಚಾಟ, ಹೆಜ್ಜೆಗೊಂದು ಅಂಗಡಿ. ಚಿಕ್ಕ ಮಕ್ಕಳಿದ್ದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಈ ತುದಿಯಿಂದ ಆ ತುದಿಗೆ ನಡೆಯಲು ಕಾಲು ಗಂಟೆ ಬೇಕು, ಊಟದ ಹೊತ್ತಿಗೆ ಲಿಫ್ಟಿನ ಮುಂದೆ ಜನವೋ ಜನ. ನಿನ್ನ ಅತ್ತೆಯ ಮಂಡಿ ಎರಡನೇ ದಿನಕ್ಕೇ ಕೈ ಮುಗಿಯುತ್ತದೆ. ಮಾವನವರ ಗತಿ ಇನ್ನೂ ಕಷ್ಟ. ಅಲ್ಲಿ ಇಡೀ ದಿನ ಕೇಕು, ಐಸ್‌ಕ್ರೀಮು ಹರವಿಟ್ಟಿರುತ್ತಾರೆ. ಸಕ್ಕರೆ ಇರುವ ಗಂಡಸರು ಹೆಂಡತಿ ಮಲಗಿದ ಸಮಯ ನೋಡಿ ತಟ್ಟೆ ಹಿಡಿದು ಹೊರಡುವುದನ್ನು ನಾನು ಎಷ್ಟು ಸಲ ನೋಡಿಲ್ಲ! ನನ್ನನ್ನು ಕಂಡರೆ, "ಅವಳಿಗೆ ಹೇಳ್ಬೇಡಮ್ಮ" ಎನ್ನುತ್ತಾರೆ.

ಹಳದಿ ಚಿಮಣಿಯವರದು ಚಿಕ್ಕ ಹಡಗು, ವಯಸ್ಸಾದವರು ಇಷ್ಟಪಡುವಂಥದು. ಸದ್ದಿಲ್ಲ, ಗದ್ದಲವಿಲ್ಲ, ಊಟಕ್ಕೆ ಹೆಸರು ಹಿಡಿದು ಕರೆಯುತ್ತಾರೆ. ನಿನಗೆ ಇದೇ ಸರಿ ಎನಿಸಬಹುದು. ಆದರೆ ಒಂದು ಗುಟ್ಟು ಜಾಹೀರಾತಿನಲ್ಲಿರುವುದಿಲ್ಲ. ಆ ಹಡಗು ಹೋಗುವ ಊರುಗಳಲ್ಲಿ ಅರ್ಧಕ್ಕೆ ದೊಡ್ಡ ಬಂದರೇ ಇಲ್ಲ. ನಡುನೀರಿನಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆ ಎತ್ತಿದಾಗ ಹಡಗಿನ ಮೆಟ್ಟಿಲಿನಿಂದ ದೋಣಿಗೆ ಕಾಲು ಚಾಚಬೇಕು. ಮಂಡಿ ನೋವಿನವರು ಮೇಲೇ ಕೂತು ಕಿಟಕಿಯಲ್ಲಿ ಊರು ನೋಡುತ್ತಾರೆ. ಚಿಕ್ಕ ಹಡಗಾದ್ದರಿಂದ ಓಲಾಟವೂ ಹೆಚ್ಚು.

ಕೆಂಪು ಚಿಮಣಿಯವರದು ನಡುಗಾತ್ರ. ಹೋದಲ್ಲೆಲ್ಲ ದಡಕ್ಕೆ ತಾಗಿಯೇ ನಿಲ್ಲುತ್ತದೆ, ಇಳಿಯಲು ಇಳಿಜಾರು ಹಲಗೆ, ಗಾಲಿಕುರ್ಚಿ ಕೇಳಿದರೆ ಮುಖ ಸಿಂಡರಿಸುವುದಿಲ್ಲ. ಒಂದು ತಿಂಗಳು ಮೊದಲು ತಿಳಿಸಿದರೆ ಸಕ್ಕರೆಯವರಿಗೆ ಬೇರೆಯೇ ಅಡುಗೆ ಮಾಡುತ್ತಾರೆ, ಅದೂ ಬಾಯಿಗಿಡುವಂಥದು. ಹಡಗಿನ ಡಾಕ್ಟರಮ್ಮ ಬುದ್ಧಿವಂತೆ. ಕೊರತೆ ಇಲ್ಲವೆಂದಲ್ಲ: ಗೋಡೆ ತೆಳು, ಪಕ್ಕದ ರೂಮಿನವರ ಗೊರಕೆ ಉಚಿತ. ಟಿವಿ ಹಳೆಯದು. ಕಾಫಿಯ ಬಗ್ಗೆ ನಾನೇನೂ ಹೇಳುವುದಿಲ್ಲ, ಪುಡಿ ಮನೆಯಿಂದಲೇ ತನ್ನಿ.

ಮೂರನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬಂಗಾರಿ. ಸುಳ್ಳು ಹೇಳುವ ಸಂದು ಸಿಗುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ. ನಿನ್ನ ಅತ್ತೆ ಮಾವನಿಗೆ ಸರಿಹೋಗುವುದು ಕೆಂಪು ಚಿಮಣಿಯ ಹಡಗು ಒಂದೇ. ನಾನಿರುವುದು ಅದರಲ್ಲಿ.

ಪತ್ರ ಇಲ್ಲಿಗೇ ಮಡಿಸಿಡಬೇಡ, ಇನ್ನೂ ಇದೆ. ರೂಮು ಹಿಡಿಯುವಾಗ ಜಾಹೀರಾತಿನ ಚಿತ್ರ ನೋಡಿ ಮರುಳಾಗಬೇಡಿ. ಈಜುಕೊಳದ ಕೆಳಗಿನ ರೂಮು ಬೇಡವೇ ಬೇಡ, ಬೆಳಕು ಹರಿಯುವ ಮೊದಲೇ ತಲೆಯ ಮೇಲೆ ಕುರ್ಚಿ ಎಳೆಯುತ್ತಾರೆ. ಹಡಗಿನ ಮೂತಿಯ ಕಡೆಯೂ ಬೇಡ, ಹೊಟ್ಟೆ ತೊಳಸುತ್ತದೆ. ನಟ್ಟ ನಡುವೆ, ಮೇಲೆಯೂ ಕೆಳಗೆಯೂ ರೂಮುಗಳೇ ಇರುವಲ್ಲಿ ತೆಗೆದುಕೊಳ್ಳಿ, ಲಿಫ್ಟು ಹತ್ತು ಹೆಜ್ಜೆ. ಅಂದರೆ ಏಳನೇ ಡೆಕ್ಕಿನ ನಡುಭಾಗ. ಆ ಓಣಿಯ ಹದಿನಾರು ರೂಮು ಗುಡಿಸಿ ಒರೆಸುವವಳು ನಾನೇ. ನಾನೇನು ಮಾಡಲಿ, ಒಳ್ಳೆಯ ಜಾಗ ನನ್ನ ಪಾಲಿಗೆ ಬಂದಿದೆ.

ಮೊದಲ ದಿನ ಸೂಟ್‌ಕೇಸು ರೂಮಿಗೆ ಬರುವಾಗ ಸಂಜೆಯಾಗುತ್ತದೆ. ಮಾವನವರ ಮಾತ್ರೆ, ಇನ್ಸುಲಿನ್ನು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ ತರಬೇಡ, ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತಾರೆ. ಅಯಸ್ಕಾಂತದ ಕೊಕ್ಕೆ ನಾಲ್ಕು ತಾ, ರೂಮಿನ ಗೋಡೆಯೆಲ್ಲ ಕಬ್ಬಿಣ, ಒದ್ದೆ ಟವೆಲು ಎಲ್ಲಿ ಬೇಕಾದರೂ ನೇತುಹಾಕಬಹುದು. ತಲೆ ಸುತ್ತಿದರೆ ರೂಮಿನಲ್ಲಿ ಮಲಗಿ ನರಳಬೇಡಿ, ಮೇಲೆ ಹೋಗಿ ದೂರದ ನೀರಂಚು ನೋಡುತ್ತ ಶುಂಠಿ ಜಗಿಯಿರಿ. ಹಡಗಿನ ಗಡಿಯಾರವೇ ಗಡಿಯಾರ. ಫೋನು ದಡದ ಊರಿನ ಸಮಯ ತೋರಿಸಿ ಮೋಸ ಮಾಡುತ್ತದೆ. ಹೋದ ವರ್ಷ ನಿವೃತ್ತ ಜಡ್ಜೊಬ್ಬರು ಎರಡು ಕೈಯಲ್ಲೂ ಚೀಲ ಹಿಡಿದು ಬಂದರಿನ ಕಟ್ಟೆಯ ಮೇಲೆ ಓಡಿ ಬಂದರು, ಹಡಗು ಆಗಲೇ ಬಿಟ್ಟಿತ್ತು. ಅವರ ಹೆಂಡತಿ ಮೇಲಿನಿಂದ ಕೈ ಬೀಸುತ್ತಿದ್ದರು. ಬೇಜಾರಿನಿಂದ ಬೀಸಿದರೆಂದು ನಮಗ್ಯಾರಿಗೂ ಅನಿಸಲಿಲ್ಲ.

ಇನ್ನೊಂದು. ರೂಮು ಗುಡಿಸುವವರ ಕಣ್ಣಿಗೆ ಎಲ್ಲ ಬೀಳುತ್ತದೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ಮಾತ್ರೆ ನುಂಗದೆ ಹಾಸಿಗೆಯ ಕೆಳಗೆ ಬಿಸಾಡುತ್ತಾರೆ, ಯಾರು ಅತ್ತು ದಿಂಬಿನ ಚೀಲ ಒದ್ದೆ ಮಾಡಿದ್ದಾರೆ. ನಾವು ಯಾರಿಗೂ ಹೇಳುವುದಿಲ್ಲ. ನನ್ನ ಕೆಲಸದಲ್ಲಿ ಕಕ್ಕಸು ಉಜ್ಜುವುದೂ ಇದೆ, ಈ ಗುಟ್ಟು ಕಾಯುವುದೂ ಇದೆ. ಎರಡನ್ನೂ ತಲೆ ಎತ್ತಿಕೊಂಡೇ ಮಾಡಿದ್ದೇನೆ.

ಈಗ ನಿನ್ನ ಎರಡು ಸಾಲಿಗೆ ಬರುತ್ತೇನೆ.

ನಿನ್ನ ಅತ್ತೆ ಮನೆಯವರಿಗೆ ನನ್ನ ಅಕ್ಕನೇ ನಿನ್ನ ಅಮ್ಮ. ನಾನು ನಿನ್ನ ಚಿಕ್ಕಮ್ಮ, ಯಾವುದೋ ಹಡಗು ಕಂಪನಿಯ ಆಫೀಸಿನಲ್ಲಿ ಕೂತು ಕೆಲಸ ಮಾಡುವವಳು. ಹಾಗೆಂದು ನೀನು ಹೇಳಿದ್ದೀಯ, ನನಗೆ ಗೊತ್ತು. ಅಕ್ಕನನ್ನು ನಾನು ದೂರುವುದಿಲ್ಲ. ನಿನ್ನಪ್ಪ ಹೇಳದೆ ಕೇಳದೆ ಮನೆ ಬಿಟ್ಟು, ನಾನು ದುಡಿಯಲು ಹಡಗು ಹತ್ತಿದ ಮೇಲೆ ಆರು ವರ್ಷದ ನಿನ್ನನ್ನು ಮಡಿಲಿಗೆ ಹಾಕಿಕೊಂಡವಳು ಅವಳು. ಜ್ವರ ಬಂದಾಗ ಒದ್ದೆ ಬಟ್ಟೆ ಇಟ್ಟವಳು, ಶಾಲೆಗೆ ಜಡೆ ಹೆಣೆದವಳು ಅವಳು. ಅವಳನ್ನು ಅಮ್ಮ ಅನ್ನು, ನನ್ನದೇನೂ ಅಡ್ಡಿಯಿಲ್ಲ. ಒಬ್ಬಳಿಗೆ ಇಬ್ಬರು ಅಮ್ಮಂದಿರಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಒಬ್ಬಳನ್ನು ಕೂರಿಸಲು ಇನ್ನೊಬ್ಬಳನ್ನು ಎಬ್ಬಿಸಬೇಕೇನೇ?

ಎಲ್ಲ ಹೇಳಿಬಿಡುತ್ತೇನೆ. ನಿನ್ನ ಪತ್ರ ಬಂದ ವಾರ ನಾನು ಸೋತಿದ್ದೆ. ನೀವು ಈ ಹಡಗನ್ನೇ ಹತ್ತಿದರೆ ಆ ಹತ್ತು ದಿನ ನನ್ನನ್ನು ಕೆಳಗಿನ ಲಾಂಡ್ರಿಗೆ ಹಾಕಿ, ಪ್ರಯಾಣಿಕರ ಕಣ್ಣಿಗೆ ಬೀಳದ ಜಾಗಕ್ಕೆ, ಎಂದು ಕೇಳಲು ಮೇಲ್ವಿಚಾರಕಿಯ ಹತ್ತಿರ ಹೋದೆ. ಆಕೆ ಫಾರಂ ಕೊಟ್ಟರು. ಹೆಸರು ತುಂಬಿದೆ, ಡೆಕ್ಕಿನ ನಂಬರು ತುಂಬಿದೆ. "ಕಾರಣ" ಎಂಬಲ್ಲಿ ಪೆನ್ನು ನಿಂತಿತು. ಸೊಂಟ ನೋವು ಎಂದು ಬರೆಯಬಹುದಿತ್ತು. ನಾನು "ಮಗಳು ಬರುತ್ತಿದ್ದಾಳೆ" ಎಂದು ಬರೆದೆ.

ಮೇಲ್ವಿಚಾರಕಿ ಓದಿ ಕನ್ನಡಕ ತೆಗೆದರು. "ಅಲ್ಲಮ್ಮ, ಮಗಳು ಬರ್ತಾಳೆ ಅಂತ ರಜ ಕೇಳೋರನ್ನ ನೋಡಿದೀನಿ, ಅವಳ ರೂಮು ನಂಗೇ ಕೊಡಿ ಅಂತ ಜಗಳ ಆಡೋರನ್ನೂ ನೋಡಿದೀನಿ. ಮಗಳು ಬರ್ತಾಳೆ, ನನ್ನನ್ನ ಕೆಳಗೆ ಬಚ್ಚಿಡಿ ಅನ್ನೋಳು ನೀನೊಬ್ಬಳೇ. ಏನು ಕದ್ದಿದೀಯ ನೀನು?"

ಏನು ಕದ್ದಿದ್ದೇನೆ? ಆ ಮಾತು ನೆತ್ತಿಗೇರಿತು ನೋಡು. ಹತ್ತೊಂಬತ್ತು ವರ್ಷ ಇನ್ನೊಬ್ಬರ ರೂಮಿನಲ್ಲಿ ಒಬ್ಬಳೇ ಓಡಾಡಿದ್ದೇನೆ, ಒಂದು ಪಿನ್ನು ಕದ್ದಿಲ್ಲ. ನೀನು ಓದಿದ ಓದು, ಉಟ್ಟ ಸೀರೆ, ಹಲ್ಲಿಗೆ ಹಾಕಿಸಿದ ತಂತಿ, ಎಲ್ಲ ಇದೇ ಕೈಯ ದುಡಿಮೆ. ಈ ಕೈಯಲ್ಲಿ ಫಿನಾಯಿಲ್ ವಾಸನೆ ಬರುತ್ತದೆ, ನಿಜ. ನಾಚಿಕೆ ಮಾತ್ರ ಇದಕ್ಕೆ ಅಂಟಿಲ್ಲ. ಫಾರಂ ವಾಪಸು ಇಸಿದುಕೊಂಡು ಆಕೆಯ ಮುಂದೆಯೇ ನಾಲ್ಕು ಚೂರು ಮಾಡಿದೆ. "ನನ್ನ ಓಣಿ ನಂಗೇ ಇರ್ಲಿ ಮೇಡಂ" ಅಂದೆ.

ಹಾಗಾಗಿ ಕೇಳು. ಬೇರೆ ಕಂಪನಿಯ ಹಡಗಿನಲ್ಲಿ ಹೋಗುತ್ತೀಯೋ, ಹೋಗು. ಆದರೆ ನನ್ನಿಂದ ತಪ್ಪಿಸಿಕೊಳ್ಳಲು ಆ ಹಿರಿಯ ಹೆಂಗಸಿನ ಮಂಡಿಯನ್ನು ಬಲಿ ಕೊಡಬೇಡ. ಈ ಹಡಗಿಗೆ ಬಂದೆಯೋ, ಬೆಳಿಗ್ಗೆ ಬಾಗಿಲು ತಟ್ಟುವವಳು ನಾನು. ಸಮವಸ್ತ್ರ ಹಾಕಿರುತ್ತೇನೆ, ಎದೆಯ ಮೇಲೆ ಹೆಸರಿನ ಪಟ್ಟಿ ಇರುತ್ತದೆ. ಹಾಸಿಗೆ ಸರಿಮಾಡುತ್ತೇನೆ, ಟವೆಲು ಬದಲಿಸುತ್ತೇನೆ, ಕಕ್ಕಸು ತೊಳೆಯುತ್ತೇನೆ, ಅದು ನನ್ನ ಕೆಲಸ. ಆಮೇಲೆ ಕೈ ತೊಳೆದುಕೊಂಡು ನಿನ್ನ ಅತ್ತೆಯ ಮುಂದೆ ನಿಂತು, "ಬೀಗಿತ್ತಿಯವರೇ, ಮಂಡಿ ಹೇಗಿದೆ? ನಾನು ಇವಳ ಹೆತ್ತಮ್ಮ" ಎನ್ನುತ್ತೇನೆ. ನೀನು ಮೊದಲೇ ಹೇಳಿಟ್ಟರೆ ನಿನಗೆ ಮರ್ಯಾದೆ. ಹೇಳದಿದ್ದರೆ ನಾನು ಹೇಳುವುದಂತೂ ತಪ್ಪದು. ಸಿಟ್ಟು ಮಾಡಿಕೊಳ್ಳುತ್ತೀಯ, ಮಾಡಿಕೋ. ವರ್ಷಗಟ್ಟಲೆ ಮಾತು ಬಿಡುತ್ತೀಯ, ಬಿಡು. ಹಡಗಿನವಳಿಗೆ ಕಾಯುವುದು ಹೊಸದಲ್ಲ.

ಪತ್ರ ಒರಟಾಯಿತೇನೋ. ನಿನ್ನನ್ನು ನೋಡಬೇಕೆಂದು ಪ್ರಾಣ ಬಿಡುತ್ತಿದ್ದೇನೆ, ಅದಕ್ಕೇ ಒರಟು. ಬರುವಾಗ ನಾನು ಕಳಿಸಿದ ಆ ಹಸಿರು ಅಂಚಿನ ಸೀರೆ ತಾ, ಕೊನೆಯ ದಿನ ಎಲ್ಲರೂ ಚೆನ್ನಾಗಿ ಉಟ್ಟು ಊಟಕ್ಕೆ ಹೋಗುತ್ತಾರೆ. ಮಾವನವರ ಊಟದ ವಿಷಯ ಒಂದು ತಿಂಗಳು ಮೊದಲೇ ತಿಳಿಸುವುದು ಮರೆಯಬೇಡ.

ನೀನೂ ಅಳಿಯಂದಿರೂ ನೂರು ಕಾಲ ತಣ್ಣಗೆ ಬಾಳಿ. ಅಕ್ಕನ ಕಾಲಿಗೆ ನನ್ನ ಪರವಾಗಿಯೂ ನಮಸ್ಕಾರ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನನ್ನು ಹೆತ್ತ
ಅಮ್ಮ

ತಾ.ಕ.: ಹರಿದು ಹಾಕಿದ ಮೂರು ಪತ್ರಗಳಲ್ಲೂ ಇದನ್ನು ಬರೆಯಲು ಹೋಗಿಯೇ ನಿಂತಿದ್ದೆ. ನಿನ್ನ ಮದುವೆಯ ದಿನ ನಾನು ಬಾಗಿಲ ಹತ್ತಿರ ಖಾಲಿ ಲೋಟಗಳನ್ನು ಒಟ್ಟುಮಾಡುತ್ತಿದ್ದೆ, ಕೈ ಸುಮ್ಮನಿರದಲ್ಲ. ನಿನ್ನ ಅತ್ತೆ ನಿನ್ನ ಪಕ್ಕದಲ್ಲಿದ್ದರು, ಅಕ್ಕ ಅಮ್ಮನ ಜಾಗದಲ್ಲಿ ನಿಂತಿದ್ದಳು. ನೀನು ನನ್ನ ಕಡೆ ತಿರುಗಿ, "ಚಿಕ್ಕಮ್ಮಾ, ಫೋಟೋಗೆ ಬಾ" ಎಂದು ಕರೆದೆ. ಅದಕ್ಕೆ ಮೊದಲು ಯಾರೂ ನನಗೆ ಏನೂ ಹೇಳಿರಲಿಲ್ಲ. ನೀನು ಕರೆದದ್ದಕ್ಕೆ ನನಗೆ ನೋವಿಲ್ಲ ಮಗಳೇ, ನೀನು ಹೆದರಿದ್ದೆ, ನಿನ್ನ ದನಿಯಲ್ಲೇ ಗೊತ್ತಾಯಿತು. ನಾನು ಒಂದು ಗಳಿಗೆಯೂ ತಡೆಯದೆ, ಲೋಟ ಕೆಳಗಿಟ್ಟು, "ಬಂದೆ" ಅಂದೆನಲ್ಲ. ಅದಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ. ಇನ್ನು ಆ ಹೆಸರು ಹಿಡಿದು ಯಾರು ಕರೆದರೂ ನಾನು ಓಗೊಡುವುದಿಲ್ಲ.