ಇಲ್ಲಿ ಕಾಣೆ ಸಿಗುತ್ತದೆ

ಹುಣಸೂರು
೯ ಫೆಬ್ರವರಿ ೨೦೨೫

ಪ್ರೀತಿಯ ಪುಷ್ಪಾ,

ಹೇಗಿದ್ದೀಯ? ಅತ್ತೆ, ಮಾವ ಆರೋಗ್ಯವಾಗಿದ್ದಾರೆ ತಾನೆ? ಸಂಕ್ರಾಂತಿಯೊಳಗೆ ಕಾಗದ ಬರೆಯುತ್ತೇನೆ ಅಂದವನು ಶಿವರಾತ್ರಿ ಹತ್ತಿರ ಬಂದಾಗ ಕೂತಿದ್ದೇನೆ, ಬೈದುಕೋ. ಸ್ಟೇರಿಂಗ್ ಹಿಡಿದು ಹಿಡಿದು ಅಭ್ಯಾಸವಾದ ಕೈ, ಪೆನ್ನು ಹೇಳಿದಂತೆ ಕೇಳುತ್ತಿಲ್ಲ. "ಫೋನಲ್ಲಿ ನೀವು ಊಟ ಆಯ್ತಾ ಅನ್ನೋದು ಬಿಟ್ಟು ಬೇರೇನೂ ಕೇಳಲ್ಲ ಕಣ್ರೀ. ಮನಸಲ್ಲಿರೋದನ್ನ ಬರೆದಾದ್ರೂ ಕಳ್ಸಿ, ಆಮೇಲೆ ಬರೋದೋ ಬ್ಯಾಡ್ವೋ ಯೋಚ್ನೆ ಮಾಡ್ತೀನಿ" ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಆಸ್ಪತ್ರೆಯಿಂದ ನೇರ ಸರಗೂರಿಗೆ ಹೋದವಳು ನೀನು. ನಿನ್ನ ಸೀರೆ, ಬಳೆ, ನಿನ್ನ ಮುರುಕು ಟೀ ಲೋಟ ಎಲ್ಲ ಇಲ್ಲೇ ಇವೆ. ನೀನೊಬ್ಬಳು ಇಲ್ಲ.

ಹೋದ ವಾರ ಮಂಗಳೂರಿಗೆ ಟ್ರಿಪ್ ಇತ್ತು. ಅವ್ವನ ಸಂಘದ ಹೆಂಗಸರು ನಮ್ಮ ಟಿಟಿ ಗಾಡಿಯನ್ನೇ ಬುಕ್ ಮಾಡಿದ್ದರು. ಅವ್ವನೂ ಬಂದಿದ್ದಳು. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ಬುತ್ತಿ ಬಿಚ್ಚಿದರು, ಮಡಿಕೇರಿ ತಿರುವಿನಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡರು, ಸುಳ್ಯ ಬರುವ ಹೊತ್ತಿಗೆ ಮತ್ತೆ ಬುತ್ತಿ ಬಿಚ್ಚಿದರು. ಪಕ್ಕದ ಮನೆ ಪುಟ್ಟಸಿದ್ದಮ್ಮನ ಬಾಯಿಗಂತೂ ಬಿಡುವೇ ಇರಲಿಲ್ಲ.

ನಿನಗೊಂದು ವಿಷಯ ಹೇಳಲೇ? ಇಷ್ಟು ವರ್ಷ ಆ ಊರಿಗೆ ಗಾಡಿ ಓಡಿಸಿದರೂ ಅಲ್ಲಿ ನಾನು ಬಲ್ಲದ್ದು ಪಾರ್ಕಿಂಗ್ ಮಾತ್ರ. ಕದ್ರಿ ಅಂದರೆ ನನಗೆ ಏರು, ಪಣಂಬೂರು ಅಂದರೆ ಚಕ್ರ ಮರಳಿಗೆ ಹೂತುಕೊಳ್ಳುವ ಭಯ. ಜನ ಇಳಿದು ನೋಡಿಕೊಂಡು ಬರುವಷ್ಟರಲ್ಲಿ ನಾನು ಸೀಟು ಮಲಗಿಸಿ ಒಂದು ನಿದ್ದೆ ಮುಗಿಸಿರುತ್ತೇನೆ. ಸಮುದ್ರಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ ಅಂದರೆ ನಂಬುತ್ತೀಯಾ?

ಪಿಲಿಕುಳದಲ್ಲಿ ಹುಲಿ ತೋರಿಸಿದರೆ ನಮ್ಮವರು ಮುಖ ಸಿಂಡರಿಸಿಕೊಂಡರು. "ಇದನ್ನ ನೋಡಾಕೆ ಘಟ್ಟ ಇಳ್ಕಂಡು ಬರ್ಬೇಕಿತ್ತಾ? ನನ್ನ ತವರಲ್ಲಿ ಒಲ್ದ ಅಂಚಿಗೇ ಬತ್ತದೆ, ಕಾಸೂ ಕೇಳಲ್ಲ" ಅಂದಳು ಪುಟ್ಟಸಿದ್ದಮ್ಮ. ಅವಳ ತವರು ಕೋಟೆ ಕಡೆ ಕಾಡಂಚು, ಗೊತ್ತಲ್ಲ. ಕದ್ರಿಯಲ್ಲಿ ಮಾತ್ರ ಎಲ್ಲರೂ ತಣ್ಣಗಾದರು. ಕೆರೆಯ ನೀರನ್ನು ತಲೆಗೆ ಚಿಮುಕಿಸಿಕೊಂಡು, ಮಂಜುನಾಥನಿಗೆ ಕೈಮುಗಿದು ಬಂದರು. ಅವ್ವ ತಂದ ವಿಭೂತಿಯಲ್ಲಿ ನಿನಗೂ ಒಂದು ಪೊಟ್ಟಣ ಎತ್ತಿಟ್ಟಿದ್ದಾಳೆ.

ಅಲ್ಲಿಂದ ತಣ್ಣೀರುಬಾವಿ ಬೀಚಿಗೆ ಹೊರಟೆವು. ದಾರಿಯಲ್ಲಿ ಟೀ ಕುಡಿಯಲು ಗಾಡಿ ನಿಲ್ಲಿಸಿದೆ. ಎದುರಿನ ಹೋಟೆಲಿಗೆ ದೊಡ್ಡ ಬೋರ್ಡು: ‘ಇಲ್ಲಿ ತಾಜಾ ಕಾಣೆ ಸಿಗುತ್ತದೆ’. ಪುಟ್ಟಸಿದ್ದಮ್ಮ ಅಕ್ಷರ ಕೂಡಿಸಿ ಓದಿ ಎದೆಯ ಮೇಲೆ ಕೈ ಇಟ್ಟುಕೊಂಡು ಅವ್ವನನ್ನು ಕೂಗಿದಳು. "ಲೇ ಪುಟ್ಟಮಲ್ಲವ್ವಾ, ಕಾಣೆಯಾದದ್ದು ಇಲ್ಲಿ ಸಿಗ್ತದಂತೆ ಕಣೇ! ಎಂಥಾ ಊರವ್ವಾ ಇದು! ನಮ್ಮ ಕರಿ ಎಮ್ಮೆ ಕೇಳಾನಾ?" ಎಲ್ಲರೂ ಗುಂಪಾಗಿ ಹೋಗಿ ಹೋಟೆಲಿನವನನ್ನು ವಿಚಾರಿಸಿದರು. ಅವನು ನಗು ತಡೆಯಲಾರದೆ, "ಕಾಣೆ ಅಂದ್ರೆ ಮೀನು ಮಾರಾಯ್ರೆ. ಫ್ರೈ ಮಾಡಿ ಕೊಡ್ಲಾ?" ಅಂದ. ಶಿವಶಿವಾ ಅನ್ನುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಬಂದರು ನೋಡು, ನಾನು ಬಿದ್ದು ಬಿದ್ದು ನಕ್ಕೆ. ನೀನು ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಅವ್ವ ಮಾತ್ರ ನಗಲಿಲ್ಲ. ಬೀಚು ಬಂದಾಗ ನನ್ನ ಕಿಟಕಿಯ ಹತ್ತಿರ ಬಂದು, "ನಿದ್ದೆ ಸಾಕು, ಇಳಿಯೋ" ಅಂದಳು. ತಣ್ಣೀರುಬಾವಿ ಅಂತ ಹೆಸರು, ನನ್ನ ಕಣ್ಣಿಗೆ ಬಾವಿ ಬೀಳಲಿಲ್ಲ. ಗಾಳಿಮರಗಳ ನೆರಳು, ಆಚೆಗೆ ಬರೀ ನೀರು. ಅವ್ವ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ನಾನೂ ಪ್ಯಾಂಟು ಮಡಚಿ ಅವಳ ತೋಳು ಹಿಡಿದುಕೊಂಡೆ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತೆ ಪುಷ್ಪಾ, ಕಚಗುಳಿ ಇಟ್ಟ ಹಾಗೆ. ಬಸುರಿಯಾಗಿದ್ದಾಗ ನೀನು ಬಯಸಿದ್ದು ಇದನ್ನೇ ಅಲ್ಲವೇ? ಬೇರೆಯವರು ಮಾವಿನಕಾಯಿ ಕೇಳಿದರೆ ನೀನು ಸಮುದ್ರ ಕೇಳಿದೆ. ನಾನು ಹೊರಟೂ ನಿಂತಿದ್ದೆ. "ಬಸ್ರಿ ಎಂಗ್ಸು ಘಟ್ಟ ಇಳಿಯಾದಾ? ಎರಿಗೆ ಆಗ್ಲಿ, ಆಮ್ಯಾಕೆ ನೋಡವ್ರಂತೆ" ಅಂತ ತಡೆದವಳು ಅವ್ವ.

ಆ ಅವ್ವ ಸೊಂಟದಿಂದ ಖಾಲಿ ಬಾಟಲಿ ತೆಗೆದು ನೀರು ತುಂಬಿಸಿಕೊಂಡಳು. ತೀರ್ಥವೆಂದು ಎಲ್ಲರೂ ತುಂಬಿಸಿಕೊಳ್ಳುತ್ತಿದ್ದರು, ಹಾಗೆ ಅಂದುಕೊಂಡೆ. "ಪುಷ್ಪಂಗೆ ಕಣ್ಲಾ" ಅಂದಳು. "ಆ ಬೋಲ್ಡು ಓದ್ದಾಗ ಒಂದು ಗಳ್ಗೆ ನಿಜ ಅಂದ್ಕಂಬುಟ್ಟೆ ಮಗ. ಏನೇನು ಕೇಳಾದು ಅಂತ ಯೋಚ್ನೆ ಮಾಡ್ತಾ ನಿಂತಿದ್ದೆ. ಮೊದ್ಲು ನನ್ನ ಸೊಸೆ ಕೇಳಾನ ಅಂದ್ಕಂಡೆ." ಆಮೇಲೆ ಬಾಟಲಿಯ ನೀರನ್ನು ಸಮುದ್ರಕ್ಕೇ ಸುರಿದುಬಿಟ್ಟಳು. "ಬ್ಯಾಡ ಬುಡು. ಇದು ಬಾಟ್ಲೀಲಿ ತಕ್ಕೊಂಡೋಗಾ ಅಂಥದ್ದಲ್ಲ. ನೀನೇ ಓಗಿ ಅವಳ್ನ ಕರ್ಕಂಬಾ. ನಾನು ಅಡ್ಡ ಬರಾಕಿಲ್ಲ."

ಅವ್ವ ಅತ್ತದ್ದನ್ನು ನಾನು ನೋಡಿದ್ದು ಅಪ್ಪ ಹೋದಾಗ, ಬಿಟ್ಟರೆ ಅವತ್ತು. ನಿನ್ನ ಮೇಲೆ ಅವಳಿಗೆ ಸಿಟ್ಟಿದೆ ಅಂತ ನೀನು ತಿಳಿದಿದ್ದೀಯ. ಸಿಟ್ಟಿರುವುದು ಅವಳಿಗೆ ಅವಳ ಮೇಲೇ. ಘಟ್ಟ ಇಳಿದಿದ್ದರೂ, ಇಳಿಯದಿದ್ದರೂ ಆಗುವುದು ಆಗುತ್ತಿತ್ತು ಅಂತ ಡಾಕ್ಟರಮ್ಮ ಹೇಳಿದ್ದನ್ನು ಅವಳಿಗೂ ಬಿಡಿಸಿ ಹೇಳಿದ್ದೇನೆ. ನೀನೂ ನಂಬು.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಗಾಡಿಯನ್ನು ಯಾರಿಗೂ ಕೊಟ್ಟಿಲ್ಲ. ಬೆಳಿಗ್ಗೆ ಸರಗೂರಿಗೆ ಬರುತ್ತೇನೆ, ಬಾಗಿಲಲ್ಲಿ ಹಾರನ್ ಮಾಡುತ್ತೇನೆ. ಬರುವ ಮನಸ್ಸಿದ್ದರೆ ಮುಂದಿನ ಸೀಟು ನಿನ್ನದು. ಇಲ್ಲದಿದ್ದರೆ ಅತ್ತೆಯ ಕೈಯ ಕಾಫಿ ಕುಡಿದು, ಮತ್ತೊಂದು ಭಾನುವಾರ ಬರುತ್ತೇನೆ. ಊಟ ಆಯ್ತಾ ಅಂತ ಕೇಳುವಾಗೆಲ್ಲ ನಾನು ಕೇಳುತ್ತಿದ್ದದ್ದು ಇದನ್ನೇ ಕಣೇ, ಯಾವಾಗ ಬರ್ತೀಯಾ ಅಂತ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಅವ್ವ ಪಕ್ಕದಲ್ಲೇ ಕೂತಿದ್ದಾಳೆ. "ನೂರು ಕಾಲ ತಣ್ಣಗಿರವ್ವಾ ಅಂತ ಬರಿ, ದಪ್ಪ ಅಕ್ಷರದಲ್ಲಿ ಬರಿ" ಅನ್ನುತ್ತಿದ್ದಾಳೆ.

ನಿನ್ನವನೇ ಆದ
ನಂಜುಂಡೇಶ್

ತಾ.ಕ.: ಅವ್ವ ಎದ್ದು ಒಳಗೆ ಹೋದಳು, ಈಗ ಬರೆಯಬಹುದು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತೆ ಅಂತ ಪುಟ್ಟಸಿದ್ದಮ್ಮ ಆಗ ನನ್ನನ್ನು ಹೆದರಿಸಿದ್ದಳು. ಸೋರಿದರೆ ಸೋರಲಿ, ದಿನಾ ನಾನೇ ಒರೆಸುತ್ತೇನೆ ಅಂದುಕೊಂಡು ಮೆಡಿಕಲ್ ಸ್ಟೋರಿನಿಂದ ಒಂದು ಕಟ್ಟು ಹತ್ತಿ ತಂದು ಗಾಡಿಯಲ್ಲಿ ಇಟ್ಟಿದ್ದೆ. ಮಗಳು ಹುಟ್ಟಿದಳು, ಅಳಲೇ ಇಲ್ಲ. ಕಿವಿ ಎಷ್ಟು ಚೆನ್ನಾಗಿದ್ದವು ಪುಷ್ಪಾ, ನಿನ್ನವೇ. ನಿನಗೆ ತೋರಿಸಲಿಲ್ಲ ಅವರು, ನಾನು ನೋಡಿದೆ. ಆ ಹತ್ತಿಯ ಕಟ್ಟು ಇನ್ನೂ ಮುಂದಿನ ಸೀಟಿನ ಎದುರಿಗೇ ಇದೆ, ಒಬ್ಬನೇ ತೆಗೆಯಲು ನನ್ನ ಕೈಲಿ ಆಗುತ್ತಿಲ್ಲ. ನೀನು ಬಾ, ಇಬ್ಬರೂ ಸೇರಿ ತೆಗೆಯೋಣ.