ಅತ್ತೆ ಹೇಳಿದ್ದು, ನಾನು ಬರೆದದ್ದು

ಮಾರ್ಚ್ ೪, ಮಂಗಳವಾರ. ಸಂಜೆ ಏಳು

ಗುರುವಾರದೊಳಗೆ ಅಂಕಣ ಕೊಡಬೇಕು. 'ಈ ವಾರ ನೋಡಿದ್ದು, ಕೇಳಿದ್ದು, ಓದಿದ್ದು'. ಹೊಸ ಸೀರಿಯಲ್ ಬಗ್ಗೆ 'ಪಾತ್ರಗಳಲ್ಲಿ ಆಳವಿಲ್ಲ' ಎಂದು ಬರೆದು ಹೊಡೆದುಹಾಕಿದೆ. ಹೋದ ವಾರವೂ ಅದನ್ನೇ ಬರೆದಿದ್ದೆ.

ಅತ್ತೆ ಬಂದು ಎರಡು ದಿನ. ಕಣ್ಣಿನ ಆಪರೇಷನ್ ಆಗಿದೆ. ಬುಂಗೋಮಾ ಪೇಟೆಯ ಆಸ್ಪತ್ರೆ ನಮಗೆ ಹತ್ತಿರ. ನಮ್ಮವರ ಕಟ್ಟಳೆಯಲ್ಲಿ ಅತ್ತೆ, ಅಳಿಯ ಒಂದೇ ಸೂರಿನಡಿ ಮಲಗುವಂತಿಲ್ಲ, ಮಾತಾಡುವಂತಿಲ್ಲ. ಅದಕ್ಕೇ ವಠಾರದ ಪಕ್ಕದ ಕೋಣೆ ಹಿಡಿದೆವು. ಮಾಡಿನ ತಗಡು ಮಾತ್ರ ಉದ್ದಕ್ಕೂ ಒಂದೇ... ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ. "ಬಾಗ್ಲು ಬೇರೆ ತಾನೆ? ಬಾಗ್ಲು ಬೇರೆ ಅಂದ್ರೆ ಮನೆ ಬೇರೆ. ತಗಡು ಎತ್ತಿ ನೋಡೋರು ಯಾರೋ!" ಅಂದರು.

ನಡುವೆ ಹಲಗೆ ಗೋಡೆ. ಹೆಂಡತಿ ನಾಲಿಯಾಕಾ ಟಿವಿಯನ್ನೂ ಅಮ್ಮನ ಕಡೆಗೇ ಸಾಗಿಸಿದ್ದಾಳೆ. ಹಾಗಾಗಿ ಸೀರಿಯಲ್ ನೋಡುವುದಿಲ್ಲ, ಕೇಳುತ್ತೇನೆ. ಈಗ ತಾನೇ ಅತ್ತೆ ಮಗಳಿಗೆ ಹೇಳಿದರು: "ಈ ಮನೆಯೋರು ಊಟಕ್ಕೆ ಕೂರ್ತಾರೆ, ಜಗಳ ಆಡ್ತಾರೆ, ಎದ್ದು ಹೋಗ್ತಾರೆ. ಅಷ್ಟೂ ಊಟ ಏನಾಗತ್ತೆ ಕಣೇ? ಒಬ್ಬರಿಗಾದ್ರೂ ಹಸಿವಾಗ್ಬಾರ್ದಾ?"

ಬರೆದುಕೊಂಡೆ.

ಮಾರ್ಚ್ ೮, ಶನಿವಾರ

ಎಡಿಟರ್ ಮಕೋಖಾ ಫೋನ್. "ಏನಯ್ಯಾ ಖಯೆಂಬಾ, ಈ ಬುದ್ಧೀನ ಇಷ್ಟು ದಿನ ಎಲ್ಲಿಟ್ಟಿದ್ದೆ? ಆ ಊಟದ ಮಾತು ಓದಿ ಆಫೀಸೆಲ್ಲ ಬಿದ್ದೂ ಬಿದ್ದೂ ನಗ್ತು."

ಥ್ಯಾಂಕ್ಸ್ ಅಂದೆ. ಅತ್ತೆಯ ಮಾತು ಅಂತ ಬಾಯಿ ಬಿಡಲಿಲ್ಲ. ನಾಲಿಯಾಕಾಗೆ ಗೊತ್ತಾಗುವುದಿಲ್ಲ — ನನ್ನ ಅಂಕಣ ಓದುವುದನ್ನು ಅವಳು ಬಿಟ್ಟು ವರ್ಷಗಳಾದವು.

ಮಾರ್ಚ್ ೧೩, ಗುರುವಾರ

ರೇಡಿಯೋದಲ್ಲಿ ಆ ಹೊಸ ಹಾಡು. ಎಲ್ಲರ ಬಾಯಲ್ಲೂ ಅದೇ. ಅತ್ತೆ: "ಹುಡುಗಿ ಬಿಟ್ಟು ಹೋದ್ಲು ಅಂತ ಅಳ್ತಾನೆ, ಸರಿ. ಹಿಂದೆ ಹತ್ತು ಜನ ಚಪ್ಪಾಳೆ ತಟ್ತಾ ಇದಾರಲ್ಲ, ಅವ್ರಿಗೇನು ಹಬ್ಬಾನಾ?"

ಅದೂ ಅಂಕಣಕ್ಕೆ ಹೋಯಿತು. ನಾಚಿಕೆಯಾಯಿತೇ? ಆಯಿತು, ಸ್ವಲ್ಪ. ಖುಷಿಯೇ ಹೆಚ್ಚಾಯಿತು.

ಮಾರ್ಚ್ ೧೯, ಬುಧವಾರ. ಮಧ್ಯಾಹ್ನ

ವಿಮರ್ಶೆಗೆ ಬಂದ ಕಾದಂಬರಿ. ವಿಧವೆಯ ಕಥೆ. ಇಪ್ಪತ್ತು ಪುಟಕ್ಕೇ ಸಾಕಾಯಿತು. ನಾನೇ ನಾಲಿಯಾಕಾಳ ಕೈಗಿಟ್ಟೆ — "ನಿಮ್ಮಮ್ಮನಿಗೆ ಹೊತ್ತು ಹೋಗತ್ತೆ, ಓದಿ ಹೇಳು." ಎಂಥ ಒಳ್ಳೆಯ ಅಳಿಯ ನಾನು!

ಅತ್ತೆ ಕೇಳಿ ನಕ್ಕರು. "ಕಿಟಕಿ ಹತ್ರ ನಿಂತು ಮೋಡ ನೋಡ್ತಾಳಂತೆ. ನಂಗೆಲ್ಲಿತ್ತು ಪುರುಸೊತ್ತು? ನಿಮ್ಮಪ್ಪ ಹೋದ್ಮೇಲೆ ಒಂದು ವರ್ಷ ಅವರ ಪಾಲಿನ ಉಗಾಲಿ ಮುದ್ದೆನೂ ಬೇಯಿಸ್ತಾನೇ ಇದ್ದೆ. ಹಿಟ್ಟು ಕಮ್ಮಿ ಹಾಕೋಕೆ ಕೈಯೇ ಬರ್ಲಿಲ್ಲ. ತಿಂದು ತಿಂದು ನಾಯಿ ದಪ್ಪ ಆಯ್ತು."

ಎದ್ದು ಪೆನ್ನು ಹುಡುಕಲು ಓಡಿದೆ. ಅತ್ತೆ ಇನ್ನೂ ಏನೋ ಹೇಳುತ್ತಿದ್ದರು. ನನಗೆ ಬೇಕಾದದ್ದು ಸಿಕ್ಕಿತ್ತು.

ಮಾರ್ಚ್ ೨೨, ಶನಿವಾರ

ಅಚ್ಚಾಗಿದೆ: 'ಈ ಕಾದಂಬರಿಕಾರನಿಗೆ ಪ್ರೀತಿ ಗೊತ್ತಿಲ್ಲ. ನಿಜವಾದ ಪ್ರೀತಿ ಇದ್ದ ಮನೆಯಲ್ಲಿ, ಗಂಡ ಸತ್ತ ಮೇಲೆ ನಾಯಿ ದಪ್ಪಗಾಗುತ್ತದೆ.' ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ಕೈ ಕುಲುಕಿದ.

ಮನೆಗೆ ಬಂದರೆ ಗೋಡೆಯಾಚೆ ಅತ್ತೆ: "ಅಳಿಯಂದಿರು ಬರೆದಿದ್ದು ಓದೇ. ಎಲ್ರೂ ಅಷ್ಟು ಹೊಗಳ್ತಾರಂತೆ, ನಾನೊಬ್ಳೇ ಕೇಳಿಲ್ಲ."

ನಾಲಿಯಾಕಾ ಓದಿದಳು. ನಾಯಿಯ ಮಾತು ಬಂದಲ್ಲಿ ನಿಲ್ಲಿಸಿದಳು.

"ಯಾಕೆ ನಿಲ್ಸಿದ್ಯೇ? ಮುಂದೆ ಓದು."

ಓದಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರ್ಚ್ ೨೩, ಭಾನುವಾರ

ನಾಲಿಯಾಕಾಳನ್ನು ಬೇಡಿಕೊಂಡೆ — ತಪ್ಪಾಯ್ತು ಅಂತ ಅಮ್ಮನಿಗೆ ಹೇಳು.

"ನಾನ್ಯಾಕೆ ಹೇಳ್ಲಿ? ಕದ್ದೋರು ನೀವು."

"ಅವರ ಹತ್ರ ನಾನು ಮಾತಾಡೋ ಹಾಗಿಲ್ವಲ್ಲ..."

"ಕದ್ದು ಕೇಳೋ ಹಾಗಿತ್ತಾ?"

ಅವಳು ಚಾಪೆ ಎತ್ತಿಕೊಂಡು ಅಮ್ಮನ ಕಡೆ ಹೋದಳು.

ಏಪ್ರಿಲ್ ೧, ಮಂಗಳವಾರ. ಸಂಜೆ

ಒಂಬತ್ತು ದಿನ ಆ ಕಡೆ ಟಿವಿ ಇಲ್ಲ, ರೇಡಿಯೋ ಇಲ್ಲ. ಹೋದ ವಾರ ಅಂಕಣ ಕೊಡಲಿಲ್ಲ. ಜ್ವರ ಅಂದೆ.

ಇವತ್ತು ಅತ್ತೆ ಮಾತಾಡಿದರು. ಮಗಳಿಗೇ ಹೇಳಿದ್ದು. ಆದರೆ ಧ್ವನಿ ಹಲಗೆಗೆ ತೀರಾ ಹತ್ತಿರ. ನಿಧಾನ. ಬರೆದುಕೊಳ್ಳುವವನಿಗೆ ಹೇಳುವಷ್ಟು ನಿಧಾನ.

"ಆ ಬರಹ ಚೆನ್ನಾಗಿದೆ ನಾಲಿಯಾಕಾ. ಆದ್ರೆ ಬರೆದೋರು ಅರ್ಧಕ್ಕೇ ಎದ್ದು ಹೋಗಿದಾರೆ. ಒಂದು ತುತ್ತು ಕಮ್ಮಿ ಆದ್ರೆ ನಿಮ್ಮಪ್ಪ ಉಗಾಲಿ ಸೌಟಲ್ಲೇ ಬಾರಿಸ್ತಿದ್ರು. ಅವರನ್ನ ಹೂತ ಮೇಲೂ ಕಮ್ಮಿ ಬೇಯಿಸೋ ಧೈರ್ಯ ಬರೋಕೆ ನಂಗೆ ಒಂದು ವರ್ಷ ಹಿಡೀತು. ಅದನ್ನ ಪ್ರೀತಿ ಅಂತ ಬರೆದಿದಾರೆ. ಊರಲ್ಲಿ ಎಲ್ರಿಗೂ ಆ ನಾಯಿ ಗೊತ್ತು. ಎಂಥ ಗಂಡ-ಹೆಂಡ್ತಿ ಅಂತ ಅಂದ್ಕೊಳ್ತಾರೆ ಈಗ. ಇಷ್ಟು ವರ್ಷ ಸುಮ್ನಿದ್ದೆ, ಸುಳ್ಳಂತೂ ಹೇಳಿರ್ಲಿಲ್ಲ. ಸರಿ ಮಾಡಿ ಬರೀಲಿ. ಕೆಳಗೆ ನನ್ನ ಹೆಸರು ಹಾಕ್ಲಿ."

ಏಪ್ರಿಲ್ ೩, ಗುರುವಾರ. ಬೆಳಿಗ್ಗೆ ಹತ್ತು

ಬರೆದೆ. ಅವರ ಮಾತೇ ಅಷ್ಟೂ, ನನ್ನದು ಒಂದಕ್ಷರ ಸೇರಿಸಿಲ್ಲ.

ಹೆಸರೊಂದು ಬಾಕಿ.

ಮದುವೆಯಾಗಿ ಹನ್ನೊಂದು ವರ್ಷ. 'ನಾಲಿಯಾಕಾಳ ಅಮ್ಮ' ಎಂದೇ ದಿನ ದೂಡಿದೆ. ಆ ಹೆಸರನ್ನು ಅಳಿಯ ಬಾಯಿಗೆ ತರಬಾರದು, ಒಪ್ಪಿದೆ. ತಿಳಿದುಕೊಳ್ಳಬೇಡ ಎಂದು ಯಾರು ಹೇಳಿದ್ದರು? ಥೂ ನನ್ನ ಜನ್ಮಕ್ಕೆ.

ಮಕೋಖಾ ಎರಡು ಸಲ ಫೋನ್ ಮಾಡಿದ. ನಾಲಿಯಾಕಾ ಮುಖ ಕೊಟ್ಟು ಮಾತಾಡುತ್ತಿಲ್ಲ. ಗೋಡೆಯಾಚೆ ಅತ್ತೆ ಕೆಮ್ಮಿದರು. ಇದ್ದಾರೆ, ಅಲ್ಲೇ ಕೂತಿದ್ದಾರೆ. ಹಲಗೆಗೆ ಬಾಯಿಟ್ಟು ನಾನೇ ಕೇಳಿಬಿಡಲೇ? ಅಮ್ಮಾ, ನಿಮ್ಮ...